ಅಮ್ಮನಿಗೆ ಆಗದ ರಕ್ತ

ನಮ್ಮ ಮನೆಯಲ್ಲಿ ಅಮ್ಮನ ತಂಗಿಗೆ ಗುಮಾನಿ ಚಿಕ್ಕಮ್ಮ ಎಂದೇ ಹೆಸರು. ಆಗ ತಾನೇ ಕಾಯಿಸಿದ ಹಾಲನ್ನೂ ಮೂಸಿ ನೋಡದೆ ಲೋಟಕ್ಕೆ ಬಗ್ಗಿಸುವವಳಲ್ಲ. ಆಸ್ಪತ್ರೆಯ ಬ್ಲಡ್ ಬ್ಯಾಂಕಿನಲ್ಲಿ, ಕೊಡುವ ರಕ್ತ ರೋಗಿಗೆ ಹೊಂದುತ್ತದೆಯೇ ಎಂದು ನೋಡುವುದು ಅವಳ ಕೆಲಸ. "ಗಂಡ ಹೆಂಡತಿ ಹೊಂದದಿದ್ರೂ ಸಂಸಾರ ನಡೆಯುತ್ತೆ, ರಕ್ತ ಹೊಂದದಿದ್ರೆ ನಡೆಯಲ್ಲ," ಎನ್ನುತ್ತಾಳೆ.

ಅಮ್ಮನ ಹೊಟ್ಟೆಯೊಳಗೆ ಹುಣ್ಣು ಒಡೆದ ದಿನ, ಆಪರೇಷನ್ನಿಗೆ ಮೊದಲು ರಕ್ತ ಬೇಕೇ ಬೇಕು ಎಂದರು ಡಾಕ್ಟರು. ಅಮ್ಮನ ಗುಂಪಿನ ರಕ್ತ ಬ್ಯಾಂಕಿನಲ್ಲಿ ಮುಗಿದಿತ್ತು. ನನ್ನದೂ ಅದೇ ಗುಂಪು. ತೋಳೇರಿಸಿಕೊಂಡು ಚಿಕ್ಕಮ್ಮನ ಕೋಣೆಗೆ ಓಡಿದೆ.

ಅವಳು ಅಮ್ಮನ ರಕ್ತದ ತಿಳಿಗೆ ನನ್ನ ರಕ್ತಕಣ ಬೆರೆಸಿ, ಬೆಚ್ಚಗಿಟ್ಟು, ತೊಳೆದು, ಮತ್ತೇನೋ ಒಂದು ಹನಿ ಸೇರಿಸಿ ಯಂತ್ರದಲ್ಲಿ ಗಿರ್ರನೆ ತಿರುಗಿಸಿದಳು. ಗಾಜಿನ ಕೊಳವೆಯ ತಳದಲ್ಲಿ ಕಣಗಳು ಅಂಗಿಯ ಕೆಂಪು ಗುಂಡಿಯ ಹಾಗೆ ಕೂತಿದ್ದವು. ಅಲ್ಲಾಡಿಸಿದಾಗ ಹೊಗೆಯಂತೆ ಹರಡಿದರೆ ಹೊಂದಿತು, ಗಂಟುಗಂಟಾದರೆ ಇಲ್ಲ.

ಹರಡಿತು. "ಹೊಂದ್ತು ಕಣೇ," ಎಂದಳು. ಹೋದ ಜೀವ ಬಂದಂತಾಯಿತು ನನಗೆ. ಆದರೆ ಅವಳು ಕೊಳವೆಯನ್ನು ಕೆಳಗಿಡಲಿಲ್ಲ.

"ಜೋರಾಗಿ ಕುಲುಕಿಬಿಟ್ಟೆ. ಅಕ್ಕ ಅಂತ ಕೈ ಆತುರಪಡ್ತು. ಸಣ್ಣ ಗಂಟಿದ್ದಿದ್ರೆ ಒಡೆದು ಹೋಗಿರುತ್ತೆ."

"ಅಲ್ಲಿ ಅಮ್ಮನ ಜೀವ ಹೋಗ್ತಿದೆ ಚಿಕ್ಕಮ್ಮ. ಈಗಲೂ ನಿನ್ನ ಗುಮಾನಿನಾ?" ಎಂದು ರೇಗಿದೆ.

"ಈಗಲೇ ಬೇಕಿರೋದು."

ಮತ್ತೆ ಮೊದಲಿನಿಂದ ಶುರುಮಾಡಿದಳು. ಈ ಸಲ ನಿದ್ದೆಹೋದ ಮಗುವಿನ ಮಗ್ಗುಲು ಬದಲಿಸುವಷ್ಟು ಮೆಲ್ಲಗೆ ವಾಲಿಸಿದಳು. ಗುಂಡಿ ಪುಟ್ಟ ಪುಟ್ಟ ಗಂಟುಗಳಾಗಿ ಎದ್ದು ಹಾಗೇ ಉಳಿಯಿತು.

"ನಿನ್ನ ಕಣದ ಮೇಲೆ ನಿಮ್ಮಪ್ಪನ ಕಡೆಯ ಗುರುತೊಂದಿರಬೇಕು. ಪ್ರತಿಜನಕ ಅಂತಾರೆ. ಅಕ್ಕನಿಗೆ ಅದಿಲ್ಲ," ಎಂದಳು. "ನೀನು ಹುಟ್ಟುವಾಗ ನಿನ್ನ ರಕ್ತ ಒಂಚೂರು ಅವಳ ಮೈಗೆ ಸೇರಿದೆ. ಮೈ ಅದನ್ನ ಹೊರಗಿನದು ಅಂತ ತಿಳಿದು ಪ್ರತಿಕಾಯ ಮಾಡಿಟ್ಟುಕೊಂಡಿದೆ. ಅದು ಆ ಗುರುತನ್ನ ಮಾತ್ರ ಹುಡುಕಿ ಕಚ್ಚಿಕೊಳ್ಳುತ್ತೆ. ಈ ರಕ್ತ ಕೊಟ್ಟಿದ್ರೆ ಒಳಗೇ ಹಾಳುಮಾಡಿ ಹಾಕ್ತಿತ್ತು."

ನಾನು ಹುಟ್ಟಿ ಅದೆಷ್ಟು ಕಾಲವಾಯಿತು! ನನ್ನ ಮಗಳೇ ಈಗ ಶಾಲೆಗೆ ಹೋಗುತ್ತಾಳೆ. ಕಣ್ಣಿಗೂ ಕಾಣದ ಅಷ್ಟು ಚಿಕ್ಕ ಗುರುತನ್ನು, ಮೈಯೊಳಗಿನ ಲೆಕ್ಕವಿಲ್ಲದಷ್ಟು ಗುರುತುಗಳ ನಡುವೆ, ಅಮ್ಮನ ರಕ್ತ ತಪ್ಪದೆ ಕಂಡುಹಿಡಿದಿತ್ತು. ಹೆದರಿಕೆಯಾಯಿತು, ಕೈಮುಗಿಯಬೇಕೆಂದೂ ಅನ್ನಿಸಿತು.

ಒಡಹುಟ್ಟಿದವರಲ್ಲಿ ಇಬ್ಬರಿಗೂ ಆ ಗುರುತು ಇಲ್ಲದಿರುವುದುಂಟು ಎಂದು ಚಿಕ್ಕಮ್ಮ ಅದೇ ಗುಂಪಿನ ತನ್ನ ರಕ್ತವನ್ನೇ ಪರೀಕ್ಷೆಗಿಟ್ಟಳು. ಈ ಸಲ ತನ್ನ ಕೈಯನ್ನು ನಂಬದೆ ಜೊತೆಗೆ ಕೆಲಸ ಮಾಡುವವಳ ಕೈಗೆ ಕೊಳವೆ ಕೊಟ್ಟು ವಾಲಿಸಲು ಹೇಳಿದಳು. ಹೊಗೆಯಂತೆ ಹರಡಿತು. ಉಳಿದ ಪರೀಕ್ಷೆಗಳೂ ಸರಿಬಂದಮೇಲೆ ಅವಳ ರಕ್ತ ಅಮ್ಮನಿಗೆ ಹೋಯಿತು.

ಆಪರೇಷನ್ ಮುಗಿದು ಎಚ್ಚರವಾದಾಗ ಅಮ್ಮ ಕೇಳಿದಳು, "ರಕ್ತ ಕೊಟ್ಟಿದ್ದು ನೀನಾ?"

"ಚಿಕ್ಕಮ್ಮ. ನನ್ನದು ನಿನಗೆ ಆಗಲ್ಲವಂತೆ. ನನ್ನ ಹೆತ್ತಿದ್ದಕ್ಕೆ," ಎಂದು ಎಲ್ಲ ಹೇಳಿದೆ. ಹೇಳುತ್ತ ಅಳು ಬಂತು.

ಅಮ್ಮ ಸೂಜಿಯಿಲ್ಲದ ಕೈಯಿಂದ ನನ್ನ ಕೈ ಹಿಡಿದು, "ಅಂದ್ರೆ ನಿನ್ನ ಹೊತ್ತಿದ್ದು ಈ ಮೈಗಿನ್ನೂ ನೆನಪಿದೆ," ಎಂದಳು.