ಮುಚ್ಚಿದ ಹಾಳೆಗಳು

ಸಿಂದಗಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ರೇವವ್ವನ ಖಾನಾವಳಿ ಇತ್ತು. ಇಂಡಿಗೋ ಮುದ್ದೇಬಿಹಾಳಕ್ಕೋ ಬಸ್ಸು ಬದಲಿಸುವವರು ಅಲ್ಲಿ ಉಂಡು ಹೋಗುತ್ತಿದ್ದರು. ಗಂಡ ಸಿದ್ದರಾಯ ಮುಂದೆ ಕೂತು ಗಿರಾಕಿಗಳನ್ನು ಮಾತಾಡಿಸುತ್ತಿದ್ದ. ರೇವವ್ವ ಒಳಗೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವಳ ಮುಖ ಕಂಡವರು ಕಡಿಮೆ.

೧೯೯೮ರ ದೀಪಾವಳಿ ಮುಗಿದ ವಾರ, ಒಂದು ಮಧ್ಯಾಹ್ನ, ಗಿರಾಕಿಗಳು ಕೂಡುವ ಹೊರಗಿನ ಬಾಕಿನ ಮೇಲಿಂದ ಒಂದು ದನಿ ಕೇಳಿತು. ಬಡಿಯುತ್ತಿದ್ದ ಕೈ ಅಲ್ಲೇ ನಿಂತಿತು.

"ಇಡೀ ತಾಲ್ಲೂಕಿನ್ಯಾಗ ಆ ಹಾವಿನ ಕಾದಂಬರಿ ಪೂರಾ ಓದಿ ತಿಳಕೊಂಡಾವ ಅಂದ್ರ ನಾ ಒಬ್ಬನ ನೋಡ್ರಿ. ಸಾಮಾನ್ಯರ ಪುಸ್ತಕ ಅಲ್ಲ ಅದು. ಪುರಾಣ ಬೇಕು, ಹಳಗನ್ನಡ ಬೇಕು, ತಲಿ ಬೇಕು."

ರೇವವ್ವ ಬಾಗಿಲ ಸಂದಿಯಿಂದ ನೋಡಿದಳು. ಕೂದಲು ಬೆಳ್ಳಗಾಗಿತ್ತು, ಹೊಟ್ಟೆ ಬಂದಿತ್ತು. ಆದರೆ ಬಸಂತರಾಯ ಮಾಸ್ತರನ ದನಿಗೆ ವಯಸ್ಸಾಗಿರಲಿಲ್ಲ.

ಇಪ್ಪತ್ತೊಂದು ವರ್ಷದ ಹಿಂದಿನ ಮಾತು. ರೇವವ್ವ ಕನ್ನೊಳ್ಳಿಯ ಕುರುಬರ ಮನೆಯ ಹುಡುಗಿ, ಪಕ್ಕದ ಊರಿನ ಶಾಲೆಗೆ ನಡೆದು ಹೋಗುತ್ತಿದ್ದಳು, ಏಳನೆಯ ಇಯತ್ತೆ. ಮಾಸ್ತರು ಪ್ರಬಂಧ ಬರೆಯಲು ಹೇಳಿದ್ದರು. ಅವಳು ಎರಡೂವರೆ ಪುಟ ಬರೆದಳು. ಮಾಸ್ತರು ಅದನ್ನು ಇಡೀ ವರ್ಗಕ್ಕೆ ಓದಿದರು. ಹುಡುಗಿ ಖುಷಿಯಿಂದ ತಲೆ ತಗ್ಗಿಸಿ ಕೂತಿದ್ದಳು. ಓದು ಮುಗಿದ ಮೇಲೆ ಅವರು, "ಇದನ್ನ ಯಾರ ಕಡೆ ಬರಸ್ಕೊಂಡ್ ಬಂದಿ?" ಎಂದರು. ತಾನೇ ಬರೆದೆ ಎಂದಳು. ಮೂರು ಸಲ ಕೇಳಿದರು, ಮೂರು ಸಲವೂ ಅದನ್ನೇ ಹೇಳಿದಳು. ಆಗ ಅವರು ಆ ಹಾಳೆಯ ಹಿಂದೆ ಕೆಂಪು ಮಸಿಯಲ್ಲಿ 'ಕಳ್ಳಿ' ಎಂದು ಬರೆದು, ಅವಳ ಬೆನ್ನ ಮೇಲೆ ಅಂಗಿಗೆ ಪಿನ್ನಿನಿಂದ ಸಿಕ್ಕಿಸಿ, ಬಾವುಟ ಏರಿಸುವ ಝೇಂಡಾ ಕಂಬದ ಹತ್ತಿರ ಬಿಸಿಲಲ್ಲಿ ನಿಲ್ಲಿಸಿದರು.

ಸಂಜೆ ಕುರಿ ಹೊಡೆದುಕೊಂಡು ಆ ದಾರಿಯಲ್ಲಿ ಬಂದ ಅಪ್ಪನಿಗೆ ಮಗಳ ಬೆನ್ನ ಮೇಲಿನ ಹಾಳೆ ಕಂಡಿತು. ಅವನಿಗೆ ಅಕ್ಷರ ಬರುತ್ತಿರಲಿಲ್ಲ.

"ಏನ್ ಬರದೈತಿ ಯವ್ವಾ ಇದರಾಗ?"

"ಚಲೋ ಬರದಾಳ ಅಂತ ಬರದಾರ ಅಪ್ಪಾ" ಎಂದುಬಿಟ್ಟಳು. ಅಪ್ಪನ ಮುಖ ಅರಳಿತು. ಕುರಿಗಳನ್ನು ಅಲ್ಲೇ ಬಿಟ್ಟು ಶಾಲೆಯ ಒಳಗೆ ಹೋಗಿ, ರುಮಾಲು ತೆಗೆದು ಮಾಸ್ತರಿಗೆ ಕೈಮುಗಿದ. ಮಾಸ್ತರು ಮೊದಲು ನಕ್ಕರು, ಆಮೇಲೆ ಆ ಅಕ್ಷರದ ಅರ್ಥ ಹೇಳಿದರು. ಅಪ್ಪ ಹೊರಗೆ ಬಂದಾಗ ರುಮಾಲು ಇನ್ನೂ ಕೈಯಲ್ಲೇ ಇತ್ತು. ಅವನು ಬೈಯಲಿಲ್ಲ, ಹೊಡೆಯಲಿಲ್ಲ. ಮರುದಿನದಿಂದ ರೇವವ್ವ ಕುರಿ ಹಿಂದೆ ಹೋದಳು.

ಬಿಸಿಲು ಮರೆತುಹೋಗಬಹುದಿತ್ತು. ಅಪ್ಪ ಕೈಮುಗಿದದ್ದನ್ನು ಅವಳು ಮರೆಯಲಿಲ್ಲ.

ಆ ಮಧ್ಯಾಹ್ನ ಗಿರಾಕಿಗಳೆಲ್ಲ ಹೋದ ಮೇಲೆ ಅವಳು ಕೈ ತೊಳೆದುಕೊಂಡು ಎರಡು ಓಣಿ ದಾಟಿ ಖಾಸಗಿ ವಾಚನಾಲಯಕ್ಕೆ ಹೋದಳು. ಅಲ್ಲಿ ಪುಸ್ತಕ ಕೊಡುವವನು ಶಹಾಬುದ್ದೀನ. ಕೆಲಸದಷ್ಟೇ ಹರಟೆಯೂ ಇಷ್ಟವಿದ್ದ ಮನುಷ್ಯ.

"ಬಸಂತರಾಯ ಮಾಸ್ತರು ಓದ್ಯಾರಲ್ರಿ, ಹಾವಿನ ಕಾದಂಬರಿ. ಅದು ಬೇಕಾಗೇತ್ರಿ."

ಶಹಾಬುದ್ದೀನ ಕನ್ನಡಕ ಮೇಲೇರಿಸಿ ನೋಡಿದ. "ಹದಿಮೂರು ಪೊರೆ? ಅಕ್ಕಾರ, ಅದನ್ನ ಮಾಸ್ತರು ಬಿಟ್ರ ಯಾರೂ ಮುಟ್ಟಿಲ್ರಿ. ಅವರರ ನಾಕ್ ಸಲ ಒಯ್ದಾರ. ನಾನೂ ಒಮ್ಮಿ ತಗದ್ನಿ, ಎರಡ ಪುಟಕ್ಕ ನಿದ್ದಿ ಬಂತು."

"ನನಗ ನಿದ್ದಿ ಬರೂದಿಲ್ರಿ" ಎಂದಳು ರೇವವ್ವ.

ಪುಸ್ತಕ ಇಟ್ಟಿಗೆಯಷ್ಟು ದಪ್ಪ ಇತ್ತು. ಖಾಂಡವವನ ಸುಟ್ಟಾಗ ತಕ್ಷಕನ ಮಗ ಅಶ್ವಸೇನ ಉಳಿದದ್ದು, ಅವನ ತಾಯಿ ಸತ್ತದ್ದು, ಅವನು ಕರ್ಣನ ಬಾಣದಲ್ಲಿ ಹೊಕ್ಕು ಅರ್ಜುನನ ಮೇಲೆ ಸೇಡಿಗೆ ಹೊಂಚಿದ್ದು, ಇಷ್ಟು ಕತೆ ಅವಳಿಗೆ ಚಿಕ್ಕಂದಿನಿಂದ ಗೊತ್ತಿತ್ತು. ಆದರೆ ಈ ಕಾದಂಬರಿ ಆ ಕತೆಯನ್ನು ನೆಟ್ಟಗೆ ಹೇಳುತ್ತಿರಲಿಲ್ಲ. ಹದಿಮೂರು ಭಾಗ, ಒಂದೊಂದಕ್ಕೂ ಪೊರೆ ಎಂದು ಹೆಸರು. ಹಾವು ಒಂದೊಂದು ಪೊರೆ ಕಳಚಿದಾಗಲೂ ಕಾಲ ಹಿಂದಕ್ಕೆ ಸರಿಯುತ್ತಿತ್ತು. ಪಾತಾಳದಲ್ಲಿ ನದಿಗಳು ಮಾತಾಡುತ್ತಿದ್ದವು. ಒಂದೇ ಹೆಸರಿನ ಮೂರು ನಾಗಗಳಿದ್ದವು. ಮೊದಲ ವಾಕ್ಯವೇ ಮೂರು ಪುಟ ಓಡುತ್ತಿತ್ತು.

ಐದು ಸಲ ಅವಳು ಮೊದಲಿನಿಂದ ಶುರು ಮಾಡಿದಳು. ಶಹಾಬುದ್ದೀನನಿಂದ ಶಬ್ದಕೋಶ ಇಸಿದುಕೊಂಡಳು. ಒಲೆಯ ಹಿಂದಿನ ಗೋಡೆಯ ಮೇಲೆ ಇದ್ದಿಲಿನಿಂದ ಹೆಸರು ಬರೆದು, ಯಾರು ಯಾರ ಮಗ, ಯಾರು ಯಾರಿಂದ ಸತ್ತರು ಎಂದು ಗೆರೆ ಎಳೆದಳು. ದಿನಕ್ಕೆ ಎರಡು ಪುಟ, ಕೆಲವು ದಿನ ಅರ್ಧ.

ಸಿದ್ದರಾಯ ಗೋಡೆ ನೋಡಿ ಕೇಳಿದ: "ಇದೇನ, ಯಾರ ಮನೆತನ?"

"ಹಾವಿಂದು."

"ನಿನಗ್ಯಾಕ ಬೇಕು ಅದು?"

"ಕಡ್ಯಾಕ" ಎಂದಳು. ಅವನು ನಕ್ಕ. ಅವಳು ನಗಲಿಲ್ಲ.

ತಮಾಷೆಯೆಂದರೆ, ತಿಂಗಳು ಕಳೆದಂತೆ ಪುಸ್ತಕವೇ ಅವಳಿಗೆ ಹತ್ತಿಬಿಟ್ಟಿತು. ಸೇಡಿಗೆ ಕಾದು ಕೂತ ಜೀವದ ಸಂಕಟ ಅದರಲ್ಲಿ ಹೇಗೆ ಬರೆದಿತ್ತೆಂದರೆ, ಕೆಲವು ಸಾಲುಗಳನ್ನು ಓದುವಾಗ ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ತನ್ನೊಳಗೆ ಇಪ್ಪತ್ತೊಂದು ವರ್ಷ ಸುರುಳಿ ಸುತ್ತಿಕೊಂಡು ಮಲಗಿದ್ದಕ್ಕೆ ಇಷ್ಟು ಚೆಂದದ ಮಾತುಗಳಿವೆಯೇ ಎಂದು ಅವಳಿಗೆ ಬೆರಗಾಯಿತು. ಆದರೆ ಮಾಸ್ತರನ ಮೇಲಿನ ಸಿಟ್ಟು ಅದರಿಂದ ಕಡಿಮೆಯಾಗಲಿಲ್ಲ. ಹೆಚ್ಚಾಯಿತು. ಇಂಥದ್ದನ್ನು ಓದಿಯೂ ಆ ಮನುಷ್ಯ ಹಾಗೇ ಉಳಿದನೇ?

ಎಂಟನೆಯ ಪೊರೆಗೆ ಬಂದಾಗ ಅವಳಿಗೆ ಉತ್ತರ ಸಿಕ್ಕಿತು. ಇನ್ನೂರಾ ಆರನೆಯ ಪುಟ ಆದ ಮೇಲೆ ಮುಂದಿನ ಹಾಳೆಗಳು ಬಿಡಿಸಿಕೊಳ್ಳಲೇ ಇಲ್ಲ. ಬೈಂಡಿಂಗಿನವರು ಅಂಚು ಕತ್ತರಿಸುವಾಗ ಆ ಹಾಳೆಗಳು ತಪ್ಪಿಸಿಕೊಂಡಿದ್ದವು. ಮೇಲೂ ಪಕ್ಕದಲ್ಲೂ ಮಡಿಕೆ ಮಡಿಕೆಯಾಗಿ ಕೂಡಿಕೊಂಡಿದ್ದವು. ಕೆಳಗಿನ ಅಂಚು ಮಾತ್ರ ತೆರೆದಿತ್ತು. ಒಂದು ಚಾಕು ತಾಗಿಸಿದ್ದರೆ ಸಾಕಿತ್ತು, ಯಾರೂ ತಾಗಿಸಿರಲಿಲ್ಲ.

ನಾಲ್ಕು ಸಲ ಮನೆಗೆ ಒಯ್ದ ಮಾಸ್ತರು ಇಲ್ಲಿಂದ ಮುಂದೆ ಬಂದೇ ಇರಲಿಲ್ಲ.

ರೇವವ್ವ ಈಳಿಗೆಯತ್ತ ಕೈ ಚಾಚಿದಳು, ತಕ್ಷಣ ಹಿಂದಕ್ಕೆ ಎಳೆದುಕೊಂಡಳು. ಕತ್ತರಿಸಿದರೆ ಸಾಕ್ಷಿ ಹೋಗುತ್ತದೆ. ಕೆಳಗಿನಿಂದ ಬೆರಳು ಹಾಕಿ ಹಾಳೆಗಳನ್ನು ಚೀಲದ ಬಾಯಿಯ ಹಾಗೆ ಅಗಲಿಸಿ, ಒಳಗೆ ಟಾರ್ಚಿನ ಬೆಳಕು ಬಿಟ್ಟು, ಒಂದು ಕಣ್ಣು ಮುಚ್ಚಿ ಸಾಲು ಸಾಲಾಗಿ ಓದಿದಳು. ಹನ್ನೆರಡು ಪುಟಕ್ಕೆ ಹನ್ನೊಂದು ಮಧ್ಯಾಹ್ನ ಹಿಡಿದವು, ಕುತ್ತಿಗೆ ಹಿಡಿದುಕೊಂಡಿತು. ಆದರೆ ಆ ಪುಟಗಳಲ್ಲೇ ಇಡೀ ಕಾದಂಬರಿಯ ಗುಟ್ಟಿತ್ತು. ಅಲ್ಲಿಯತನಕ 'ನಾನು' ಎಂದು ಕತೆ ಹೇಳುತ್ತಿದ್ದುದು ಅಶ್ವಸೇನ ಅಲ್ಲ. ಕನ್ನಡದಲ್ಲಿ 'ನಾನು ಬಂದೆ' ಎಂದರೆ ಹೇಳುವವರು ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲವಲ್ಲ, ಅದರ ಮರೆಯಲ್ಲಿ ಅಡಗಿದ್ದವಳು ಅವನ ತಾಯಿ. ಕಾಡಿನ ಬೆಂಕಿಯಲ್ಲಿ ಸತ್ತದ್ದು ಮಗ. ತಾಯಿ ಅವನ ಹೆಸರು ಹೊತ್ತುಕೊಂಡು, ಅವನ ಪೊರೆ ತೊಟ್ಟುಕೊಂಡು, ಕರ್ಣನ ಬತ್ತಳಿಕೆಯವರೆಗೆ ಹೋಗಿದ್ದಳು.

ರೇವವ್ವ ಗೋಡೆಯ ಮೇಲಿನ ಗೆರೆಗಳನ್ನು ಅಳಿಸಿ ಹೊಸದಾಗಿ ಎಳೆದಳು. ಉಳಿದ ಐದು ಪೊರೆಗಳನ್ನು ಓದಿ ಮುಗಿಸುವಾಗ ಮತ್ತೊಂದು ದೀಪಾವಳಿ ಕಳೆದಿತ್ತು.

೨೦೦೦ದ ಜನವರಿಯಲ್ಲಿ ವಾಚನಾಲಯದ ವಾರ್ಷಿಕೋತ್ಸವ. ಬಸಂತರಾಯ ಮಾಸ್ತರಿಗೆ ಸನ್ಮಾನ, ಅದಕ್ಕೆ ಮೊದಲು ಆ ಕಾದಂಬರಿಯ ಮೇಲೆಯೇ ಅವರ ಉಪನ್ಯಾಸ. ಭಾನುವಾರ ಬೆಳಿಗ್ಗೆ ಖಾನಾವಳಿಯ ಬಾಗಿಲು ಹಾಕಿಸಿ ರೇವವ್ವ ಇಳಕಲ್ಲ ಸೀರೆ ಉಟ್ಟು ಹೋದಳು, ಪುಸ್ತಕವನ್ನು ಸೆರಗಿನೊಳಗೆ ಇಟ್ಟುಕೊಂಡು. ಎಂಬತ್ತು ಜನ ಸೇರಿದ್ದರು. ಮಾಸ್ತರು ಒಂದು ತಾಸು ಮಾತಾಡಿದರು. ತಾಯಿಯನ್ನು ಕಳೆದುಕೊಂಡ ಮಗನ ದುಃಖದ ಬಗ್ಗೆ ಹೇಳುವಾಗ ಅವರ ಕಣ್ಣೂ ಒದ್ದೆಯಾಯಿತು. ಜನ ಚಪ್ಪಾಳೆ ತಟ್ಟಿದರು.

ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ರೇವವ್ವ ಎದ್ದು ನಿಂತಳು.

"ಸರ, ಈ ಕಥಿ ಹೇಳಾಕತ್ತೋರು ಯಾರ್ರಿ?"

ಮಾಸ್ತರು ನಕ್ಕರು. "ಇಷ್ಟೊತ್ತು ಅದನ್ನ ಹೇಳಿದ್ನಲ್ಲ ತಂಗಿ. ಅಶ್ವಸೇನ."

"ಕಡೀತನಕ ಅವನ ಏನ್ರಿ?"

"ಕಡೀತನಕ ಅವನ. ನೀನೂ ಓದು ಒಮ್ಮಿ, ತಿಳೀತೈತಿ."

"ಓದೇನ್ರಿ." ಅವಳು ಮುಂದೆ ನಡೆದು ಹೋಗಿ ಪುಸ್ತಕವನ್ನು ಅವರ ಮುಂದೆ ಇಟ್ಟಳು. "ಇನ್ನೂರಾ ಎಂಟನೇ ಪುಟ ತಗೀರಿ. ಅಲ್ಲಿ ಬ್ಯಾರೇನ ಐತಿ. ಗಟ್ಟಿಯಾಗಿ ಓದ್ರಿ, ಎಲ್ಲಾರೂ ಕೇಳ್ಲಿ."

ಮಾಸ್ತರು ಹಾಳೆ ತಿರುವಿದರು. ಬೆರಳು ಮಡಿಕೆಗೆ ತಾಗಿ ನಿಂತಿತು. ಮತ್ತೆ ಹಿಂದಕ್ಕೆ ತಿರುವಿದರು, ಮುಂದಕ್ಕೆ ತಿರುವಿದರು. ಎಂಬತ್ತು ಜನರೂ ಅವರ ಕೈಯನ್ನೇ ನೋಡುತ್ತಿದ್ದರು.

"ಹಾಳಿ ಕೂಡ್ಯಾವಲ್ಲ..." ಎಂದರು.

"ಹುಟ್ಟಿದಾಗಿಂದ ಕೂಡ್ಯಾವ್ರಿ. ನೀವು ನಾಕ್ ಸಲ ಒಯ್ದಾಗೂ ಕೂಡೇ ಇದ್ವು. ಹೌದಿಲ್ರಿ ಶಹಾಬುದ್ದೀನ ಅಣ್ಣಾರ?"

ಶಹಾಬುದ್ದೀನ ನೆಲ ನೋಡುತ್ತ, "ಬ್ಯಾರೆ ಯಾರೂ ಒಯ್ದಿಲ್ರಿ" ಎಂದ. ಹಿಂದಿನ ಸಾಲಿನಲ್ಲಿ ಒಬ್ಬ ಕಿಸಕ್ಕೆಂದ. ಆಮೇಲೆ ನಗೆ ಮುಂದಿನ ಸಾಲಿಗೂ ಬಂತು. ಮುಚ್ಚಿದ ಪುಟಗಳಲ್ಲಿ ಏನಿದೆ ಎಂಬುದನ್ನು ರೇವವ್ವ ನೋಡದೆಯೇ ಬಾಯಿಪಾಠವಾಗಿ ಹೇಳಿದಳು. ತಾಯಿ ಮಗನ ಪೊರೆ ತೊಡುವ ಸಾಲುಗಳು. ನಗುತ್ತಿದ್ದವರು ಮುಂದಕ್ಕೆ ಬಾಗಿ ಕೇಳಿದರು.

"ನೀ ಯಾರ ಯವ್ವಾ?" ಎಂದರು ಮಾಸ್ತರು, ದನಿ ಸಣ್ಣಗಾಗಿತ್ತು.

ಅವಳು ಹೇಳಿದಳು. ಪ್ರಬಂಧ, ಕೆಂಪು ಮಸಿ, ಝೇಂಡಾ ಕಂಬ, ರುಮಾಲು ತೆಗೆದು ಕೈಮುಗಿದ ಅಪ್ಪ. ಒಂದೂ ಬಿಡಲಿಲ್ಲ. ಬಸಂತರಾಯ ಮಾಸ್ತರು ಹಣೆ ಒತ್ತಿಕೊಂಡು ಯೋಚಿಸಿದರು. ಅವರು ನಾಟಕ ಮಾಡುತ್ತಿಲ್ಲ ಎಂಬುದು ಎಲ್ಲರಿಗೂ ಕಾಣುತ್ತಿತ್ತು.

"ನನಗ ನೆನಪ ಇಲ್ಲವ್ವ."

ಈ ಮಾತಿಗೆ ಅವಳು ತಯಾರಾಗಿರಲಿಲ್ಲ. ಇಷ್ಟು ವರ್ಷ ಅವಳು ಮನಸ್ಸಿನಲ್ಲಿ ದಿನಾ ಕಂಡ ಆ ಮನುಷ್ಯನ ನೆನಪಿನಲ್ಲಿ ಅವಳೇ ಇರಲಿಲ್ಲ.

"ಅದು ನೆನಪಿಲ್ದಿದ್ರ ನಡೀತೈತ್ರಿ" ಎಂದಳು. "ಇವತ್ತಿಂದು ನೆನಪಿರ್ತೈತಿ."

ಸನ್ಮಾನದ ಶಾಲು ಆ ದಿನ ತಟ್ಟೆಯಲ್ಲೇ ಉಳಿಯಿತು.

ಮಾಸ್ತರು ವಾಚನಾಲಯದ ಕಡೆ ಬರುವುದನ್ನು ಬಿಟ್ಟರು. ನಾಲ್ಕೈದು ತಿಂಗಳ ಮೇಲೆ, ಮಧ್ಯಾಹ್ನದ ಗದ್ದಲ ಮುಗಿದ ಹೊತ್ತಿಗೆ, ಖಾನಾವಳಿಗೆ ಬಂದರು. ಒಬ್ಬರೇ. ಚೀಲದಲ್ಲಿ ಅದೇ ಕಾದಂಬರಿ, ಶಹಾಬುದ್ದೀನನಿಗೆ ಹೇಳಿ ಐದನೆಯ ಸಲ ಮನೆಗೆ ತರಿಸಿಕೊಂಡದ್ದು. ಅಂಚುಗಳನ್ನು ನಾಜೂಕಾಗಿ ಕತ್ತರಿಸಿದ್ದರು. ಬಸವನ ಬಾಗೇವಾಡಿಯಲ್ಲಿ ಮಗಳ ಮನೆಗೆ ಹೋಗಿ ಇರುತ್ತೇನೆ, ಹೋಗುವ ಮುಂಚೆ ಒಂದು ಕೇಳುವುದಿತ್ತು ಎಂದರು.

"ಹತ್ತನೇ ಪೊರೆಯೊಳಗ ನದಿ ಒಂದು ಮಾತ ಹೇಳ್ತೈತಿ. ನಾಕ್ ದಿನ ಆತು, ತಿಳೀವಲ್ದು. ನೀ ತಿಳಕೊಂಡಿರ್ತಿ. ಹೇಳವ್ವ."

ರೇವವ್ವನಿಗೆ ಆ ಮಾತು ಗೊತ್ತಿತ್ತು. ಅದಕ್ಕಾಗಿ ಅವಳು ಇಡೀ ಒಂದು ಬೇಸಿಗೆ ಕೊಟ್ಟಿದ್ದಳು. ಎರಡು ವಾಕ್ಯದಲ್ಲಿ ಹೇಳಿಬಿಡಬಹುದಿತ್ತು. ಮಾಸ್ತರ ಕಣ್ಣುಗಳು ಕೆಂಪಾಗಿದ್ದವು, ಪುಟದ ಮೇಲೆ ಬೆರಳು ಇಟ್ಟೇ ಕಾಯುತ್ತಿದ್ದರು. ಅವರು ನಿಜವಾಗಿಯೂ ಓದುತ್ತಿದ್ದಾರೆ ಎಂಬುದು ಅವಳಿಗೆ ಗೊತ್ತಾಯಿತು.

"ಸರ, ಇನ್ನೊಮ್ಮಿ ಮೊದಲಿಂದ ಓದ್ರಿ" ಎಂದಳು. "ತಲಿ ಇದ್ದೋರಿಗೆ ತಿಳೀತೈತಿ."

ಅವರು ತಲೆಯಾಡಿಸಿ, ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು, ಬಾಗೇವಾಡಿಯ ಬಸ್ಸಿಗೆ ಹೋದರು.

ಆ ವಾರ ವಾಚನಾಲಯಕ್ಕೆ ಹೋದಾಗ ಶಹಾಬುದ್ದೀನ ಮೆಲ್ಲಗೆ ಕೇಳಿದ: "ಅಕ್ಕಾರ, ಈಗರ ಹೊಟ್ಟಿ ತಣ್ಣಗಾತೇನ್ರಿ?"

ರೇವವ್ವ ಕಪಾಟಿನ ಮೇಲಿನ ಸಾಲಿನಿಂದ ದಪ್ಪನೆಯ ಪುಸ್ತಕವೊಂದನ್ನು ಎಳೆದು, ಧೂಳು ಕೊಡವಿ, ಅಂಚುಗಳನ್ನು ಪರೀಕ್ಷಿಸಿ ನೋಡಿದಳು.

"ಅರ್ಧ ಆಗೇತ್ರಿ" ಎಂದಳು. "ಇದನ್ನ ನನ್ನ ಹೆಸರಿಗೆ ಬರಕೋರಿ."