ಮೀಟರ್ ಮಾವನ ನೀಲಿ

ಆ ಪ್ರಯೋಗಾಲಯದಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಮೀಟರ್ ಮಾವ ಅಂತ. ಸಂಬಳದ ಪಟ್ಟಿಯಲ್ಲಿ ಬೇರೇನೋ ಹೆಸರಿತ್ತು, ಅದನ್ನು ಕಟ್ಟಿಕೊಂಡು ಯಾರಿಗೇನಾಗಬೇಕು? ಬಟ್ಟೆ ಕಾರ್ಖಾನೆಗಳ ಬಣ್ಣದ ನೀರನ್ನು ಬಿಸಿಲಿನಿಂದಲೇ ಶುದ್ಧ ಮಾಡುವ ಬಿಳಿ ಪುಡಿಯನ್ನು ಅಲ್ಲಿ ತಯಾರಿಸುತ್ತಿದ್ದರು. ಒಂದು ಕೂದಲಿನ ಅಡ್ಡಕ್ಕೆ ಸಾವಿರಾರು ಕಣ ಸಾಲಾಗಿ ನಿಲ್ಲಬಹುದು, ಅಷ್ಟು ಸಣ್ಣ. ನೀಲಿ ನೀರಿಗೆ ಚಿಟಿಕೆ ಪುಡಿ ಹಾಕಿ ತಾರಸಿಯ ಮೇಲಿಟ್ಟರೆ, ಬೆಳಕು ಬಿದ್ದ ಪುಡಿ ಬಣ್ಣವನ್ನು ಒಡೆದು ಹಾಕುತ್ತದೆ. ತಾನು ಮಾತ್ರ ಹಾಗೇ ಉಳಿಯುತ್ತದೆ.

ಗಂಟೆಗೊಮ್ಮೆ ಬಾಟಲಿಯಿಂದ ನೀರು ತೆಗೆದು, ಯಂತ್ರದಲ್ಲಿ ತಿರುಗಿಸಿ ಪುಡಿಯನ್ನು ತಳಕ್ಕಿಳಿಸಿ, ತಿಳಿಯನ್ನು ಬಣ್ಣ ಅಳೆಯುವ ಮೀಟರಿಗೆ ಕೊಡುವುದು ಮಾವನ ಕೆಲಸ. ಕೊಡುವ ಮೊದಲೇ ಬಿಳಿ ಕಾಗದದ ಮುಂದೆ ಹಿಡಿದು ಹೇಳಿಬಿಡುತ್ತಿದ್ದರು: ಗಟ್ಟಿ, ಅರ್ಧ, ತೆಳು. ಕೊನೆಯ ಛಾಯೆಗೆ ಅವರದೇ ಒಂದು ಮಾತಿತ್ತು, ‘ನೆನಪು’. ನೀಲಿ ಹೋಗಿದೆ, ಆದರೆ ಇತ್ತು ಅಂತ ಗೊತ್ತಾಗುತ್ತದೆ, ಅಷ್ಟೇ. ಮೊದಲ ವರ್ಷಗಳಲ್ಲಿ ಮೀಟರ್ ಕೂಡ ಅದನ್ನೇ ಹೇಳುತ್ತಿತ್ತು, ಆಮೇಲೆ ಎರಡನ್ನೂ ತಾಳೆ ನೋಡುವುದನ್ನೇ ಎಲ್ಲರೂ ಬಿಟ್ಟಿದ್ದರು. ಓದಲು ಬಂದವರೆಲ್ಲ ತಮ್ಮ ನೋಟುಬುಕ್ಕಿನಲ್ಲಿ ‘ನೆನಪು’ ಅಂತಲೇ ಬರೆದುಕೊಳ್ಳುತ್ತಿದ್ದರು.

ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮನೆಯಲ್ಲಿ ಸದ್ದು ಮಾಡುತ್ತಿದ್ದದ್ದು ಸೋರುವ ನಲ್ಲಿಯೊಂದೇ. ಮುಂದಿನ ಕೋಣೆಯ ಗೋಡೆಗೆ ಅವಳೇ ಹಟ ಹಿಡಿದು ನೀಲಿ ಹೊಡೆಸಿದ್ದಳು. ವರ್ಷ ತುಂಬುವುದರೊಳಗೆ ಅದು ಸುಣ್ಣದ ಥರ ಆಯಿತು, ಅಂಗಡಿಯವನು ನಾಮ ಹಾಕಿದ ಅಂತ ಮಾವ ಅಣಕಿಸುತ್ತಿದ್ದರು.

“ರೀ, ಬಣ್ಣ ಹೋಗಿಲ್ಲ. ನಿಮ್ಮ ಕಣ್ಣು ಹೋಗಿದೆ,” ಅನ್ನುತ್ತಿದ್ದಳು ಅವಳು.

“ಈ ಕಣ್ಣಿಗೇ ಕಣೆ ನನಗೆ ಸಂಬಳ ಕೊಡೋದು,” ಅಂತ ಇವರು ಬಾಯಿ ಮುಚ್ಚಿಸುತ್ತಿದ್ದರು.

ಈಗ ಇಡೀ ದಿನದಲ್ಲಿ ಅವರನ್ನು ಯಾರಾದರೂ ಏನಾದರೂ ಕೇಳಿದರೆ ಅದೊಂದೇ: “ಮಾವ, ಎಷ್ಟು ಉಳಿದಿದೆ?” ಆ ಒಂದು ಪ್ರಶ್ನೆಗಾಗಿ ಬಾಗಿಲು ತೆಗೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿರುತ್ತಿದ್ದರು.

ಒಮ್ಮೆ ಮೀಟರ್ ಕೆಟ್ಟು ರಿಪೇರಿಗೆ ಹೋಯಿತು. ತಿಂಗಳು ಕಾಯುವುದೇಕೆ, ಮಾವನ ಕಣ್ಣಿದೆಯಲ್ಲ ಅಂದರು ಮೇಡಂ, ಆ ಪ್ರಯೋಗಾಲಯದ ಮುಖ್ಯಸ್ಥೆ. ಹೊಸ ಪುಡಿಯ ನೀರನ್ನು ಎರಡನೇ ಗಂಟೆಗೇ ನೋಡಿ ಮಾವ “ನೆನಪೂ ಇಲ್ಲ” ಅಂದರು. ಇಷ್ಟು ಬೇಗ ಯಾವ ಪುಡಿಯೂ ಕೆಲಸ ಮಾಡಿರಲಿಲ್ಲ. ಎಲ್ಲರಿಗೂ ಹಿಗ್ಗೋ ಹಿಗ್ಗು, ಮಾವನ ಎದೆಯೂ ಉಬ್ಬಿತು.

ಮೀಟರ್ ವಾಪಸು ಬಂತು. ಎತ್ತಿಟ್ಟಿದ್ದ ನೀರನ್ನು ಅಳೆದರೆ ಕಾಲು ಭಾಗ ನೀಲಿ ಹಾಗೇ ಇದೆ! ರಿಪೇರಿಯವನು ಇನ್ನಷ್ಟು ಕೆಡಿಸಿದ್ದಾನೆ ಅಂತ ಮಾವ ರೇಗಿದರು. ಮೇಡಂ ಅದೇ ನೀರು ತುಂಬಿದ ಗಾಜಿನ ನಳಿಗೆಯೊಂದನ್ನು ಬಿಳಿ ಕಾಗದದ ಮುಂದೆ ಹಿಡಿದರು.

“ಮಾವ, ಇದು ಯಾವ ಬಣ್ಣ?”

“ನೀರಿನ ಬಣ್ಣ, ಇನ್ಯಾವುದು?”

ಯಾರೂ ನಗಲಿಲ್ಲ. ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡು ನಿಂತರು. ಆಗ ಮಾವನಿಗೆ ತಿಳಿಯಿತು, ನಳಿಗೆಯಲ್ಲಿದ್ದದ್ದು ನೀಲಿ. ಒಂದು ತಿಂಗಳ ಕೆಲಸ ನೀರಲ್ಲಿ ಹೋಮ. ಅದಕ್ಕಿಂತ ಹೆಚ್ಚಾಗಿ, ಇನ್ನು ತನ್ನನ್ನು ಯಾರು ಕೇಳುತ್ತಾರೆ?

ಮೇಡಂ ತಾವೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಎರಡೂ ಕಣ್ಣಿಗೆ ಪೊರೆ. ಬಲಿತ ಪೊರೆ ಹಳದಿ ಗಾಜಿನ ಹಾಗೆ, ಮೊದಲು ನೀಲಿಯನ್ನೇ ತಡೆಯುತ್ತದೆ, ನಾಲ್ಕೈದು ವರ್ಷದಿಂದ ಇದ್ದಿರಬೇಕು ಅಂದರು ಡಾಕ್ಟರು. ಒಂದಾದ ಮೇಲೊಂದರಂತೆ ಎರಡಕ್ಕೂ ಆಪರೇಷನ್ ಆಯಿತು. ಅಷ್ಟೂ ದಿನ ಮಾವ ಆಸ್ಪತ್ರೆಯ ಪಕ್ಕದ ಛತ್ರದಲ್ಲಿ ಒಬ್ಬರೇ ಇದ್ದರು.

ಕೊನೆಯ ಪಟ್ಟಿ ಬಿಚ್ಚಿದ ದಿನ ಆಸ್ಪತ್ರೆಯಿಂದ ನೇರವಾಗಿ ಪ್ರಯೋಗಾಲಯಕ್ಕೇ ಬಂದರು. ಮೂಲೆಯ ಸ್ಟೂಲಿನ ಮೇಲೆ ಕೂತು, ಕರೆಯಲಿ ಅಂತ ಕಾದರು. ಮಧ್ಯಾಹ್ನ ಮೇಡಂ ನಳಿಗೆ ತಂದು ಅವರ ಕೈಗಿಟ್ಟರು.

“ಮಾವ, ಎಷ್ಟು ಉಳಿದಿದೆ?”

“ನೆನಪು,” ಅಂದರು. ಮೀಟರೂ ಹೌದು ಅಂದಿತು. ಮಾವ ಮುಖ ಆ ಕಡೆ ತಿರುಗಿಸಿ ಟವೆಲಿನಿಂದ ಕಣ್ಣು ಒತ್ತಿಕೊಂಡರು, ಔಷಧಿ ಉರಿ ಅಂತ ಸುಳ್ಳು ಹೇಳಿದರು.

ಸಂಜೆ ಮನೆಗೆ ಬಂದು ಬೀಗ ತೆಗೆದು ಕಿಟಕಿ ತೆರೆದರು. ಬೆಳಕು ನೇರ ಗೋಡೆಗೆ ಬಿತ್ತು. ಗಟ್ಟಿ ನೀಲಿ. ಒಂದಿಷ್ಟೂ ಮಾಸಿರಲಿಲ್ಲ.

ಮಾವ ಚಪ್ಪಲಿಯನ್ನೂ ಬಿಡದೆ ಗೋಡೆಯ ಎದುರು ಕೂತರು. ನೀನು ಹೇಳಿದ್ದೇ ಸರಿ ಅನ್ನೋಣವೆಂದರೆ ಕೇಳುವವಳಿರಲಿಲ್ಲ. ಆದರೂ ಬಾಯಿ ಬಿಟ್ಟು ಹೇಳಿದರು.

“ಪೂರ್ತಿ ಉಳಿದಿದೆ ಕಣೆ.”

ಒಳಗೆ ನಲ್ಲಿ ತೊಟ್ಟಿಕ್ಕುತ್ತಿತ್ತು.