ಉಳ್ಳಾಗಡ್ಡಿ ಮೊಗ್ಗಿನಾಗ ಅರ್ಧರ್ಧ

ಖಾನಾಪುರದ ಕಾಲೇಜಿನಾಗ ನಾನು ಜೀವಶಾಸ್ತ್ರ ಕಲಿಸತೇನಿ. ಮೊನ್ನೆ ಹುಡುಗರಿಗೆ ತೋರಸಾಕ ಉಳ್ಳಾಗಡ್ಡಿ ಹೂವಿನ ಮೊಗ್ಗು ಬೇಕಾಗಿತ್ತು. ಹೊಲದೊಡತಿ ಯಲ್ಲವ್ವ, “ಬೀಜಕ್ಕ ಬಿಟ್ಟ ಬೆಳಿರೀ. ಏನ್ ಮಾಡ್ತೀರಿ ಅಂತ ನನಗೂ ತೋರಸೂದಾದ್ರ ಕೊಡತೇನಿ” ಅಂದಳು. ಗಂಡನ ಬೈಕಿನ ಹಿಂದ ಕುಂತು ಲ್ಯಾಬಿಗೇ ಬಂದಳು; ಗಂಡ ಹೊರಗ ಬೈಕಿನ ಹತ್ರ ನಿಂತ.

ಮೈಕ್ರೋಸ್ಕೋಪಿನಾಗ ಇಣುಕಿದೆ. ಒಂದು ಜೀವಕೋಶದಾಗ ಹದಿನಾರು ವರ್ಣತಂತು ಎಂಟೆಂಟಾಗಿ ಎರಡೂ ಕಡೆ ಸರದು ನಿಂತಿದ್ವು.

“ಬರ್ರಿ, ನೋಡ್ರಿ! ಹಿಂಗ ಅರ್ಧಾ ಆಗಿ, ತಾಯೀದು ಅರ್ಧಾ ತಂದೀದು ಅರ್ಧಾ ಕೂಡಿದ್ರ ಕೂಸಿಗೆ ಪೂರ್ತಿ. ಮನಷ್ಯಾರಾಗೂ ಹಿಂಗ!”

ಯಲ್ಲವ್ವ ನೋಡಿದವಳೇ ಕಿಟಕಿಗೆ ಓಡಿ ಗಂಡನ್ನ ಕೂಗಿದಳು: “ಇಲ್ಲೆ ಬರ್ರಿ! ‘ಮಗ ಪೂರ್ತಿ ನನ್ಹಂಗ’ ಅಂತ ನೀವು ಅಂತಿದ್ರೆಲ್ಲಾ, ಈಗ ನೋಡ್ರಿ!”

ಗಂಡ ಒಳಗ ಬಂದು, ಬಗ್ಗಿ ಭಾಳ ಹೊತ್ತು ನೋಡಿ ಮೆಲ್ಲಕ ಕೇಳಿದ: “ಸರ್, ಇದರಾಗ ನನ್ನ ಅರ್ಧಾ ಯಾವ ಕಡೀದ್ರೀ?”

ಎರಡೂ ಉಳ್ಳಾಗಡ್ಡೀವು ಅನ್ನೂ ಧೈರ್ಯ ನನಗ ಬರಲಿಲ್ಲ.